ಏಳನೆಯ ಕಮಾನಿನ ಗಾರೆ

ಮೇಸ್ತ್ರಿಗೆ ಎಪ್ಪತ್ತೆರಡು ತುಂಬಿದ ವರ್ಷ ಒಬ್ಬ ಇಂಜಿನಿಯರಮ್ಮ ಅವನ ಮನೆ ಹುಡುಕಿಕೊಂಡು ಬಂದಳು. ಅಷ್ಟೊತ್ತಿಗೆ ಅವನು ಗಾರೆ ಕೆಲಸ ಬಿಟ್ಟು ಏಳೆಂಟು ವರ್ಷವಾಗಿತ್ತು. ಮೊಣಕಾಲು ಕೈಕೊಟ್ಟಿತ್ತು, ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಮೊದಲಿನಷ್ಟೇ ಚುರುಕಾಗಿತ್ತು. ಯಾರ ಮನೆಗೆ ಹೋದರೂ ಕೂರುವ ಮೊದಲು ಬೆರಳ ಗೆಣ್ಣಿನಿಂದ ಗೋಡೆಯನ್ನು ಎರಡು ಸಲ ತಟ್ಟಿ, "ಇಲ್ಲಿ ಟೊಳ್ಳಿದೆ, ಯಾರ್ರೀ ಮಾಡಿದ್ದು?" ಎಂದು ಕೇಳಿ ಮನೆಯವರ ಮುಖ ಸಪ್ಪಗೆ ಮಾಡುವುದು ಅವನ ಚಾಳಿ. ಹೊಸದಾಗಿ ಮನೆ ಕಟ್ಟಿಸಿದವರು ಅವನನ್ನು ಕರೆಯಲು ಹಿಂದೆಮುಂದೆ ನೋಡುತ್ತಿದ್ದುದು ಇದೇ ಕಾರಣಕ್ಕೆ.

ಬಂದವಳು ಚಿಕ್ಕ ವಯಸ್ಸಿನವಳು. ಆದರೆ ಅವಳ ಚಪ್ಪಲಿಯ ತುಂಬಾ ಸುಣ್ಣದ ಧೂಳಿತ್ತು. ಅದನ್ನು ನೋಡಿಯೇ ಮೇಸ್ತ್ರಿ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ. ಧೂಳು ಮೆತ್ತಿಕೊಳ್ಳದ ಇಂಜಿನಿಯರುಗಳನ್ನು ಅವನು ಜನ್ಮವಿಡೀ ಕಂಡಿದ್ದ, ಅವರಿಗೆ ಎದ್ದು ನಿಂತವನಲ್ಲ.

"ಮೇಸ್ತ್ರಿಗಳೇ, ಪೇಟೆ ಮೂಲೆಯ ಏಳು ಕಮಾನಿನ ಕಟ್ಟಡಕ್ಕೆ ಗಾರೆ ಮಾಡಿದ್ದು ನೀವೇ ಅಂತೆ, ಹೌದಾ?"

ಒಳಗಿನಿಂದ ಕಾಫಿ ತರುತ್ತಿದ್ದ ಅವನ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟಳು. ಆ ಕಟ್ಟಡದ ಮಾತು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

"ಹೌದಮ್ಮ," ಎಂದ ಮೇಸ್ತ್ರಿ. "ಮೂವತ್ತೆಂಟು ವರ್ಷ ಆಯ್ತು. ಏನು, ಬಿತ್ತಾ?"

"ಅಯ್ಯೋ ಇಲ್ಲ, ಕಲ್ಲಿನ ಹಾಗೆ ನಿಂತಿದೆ. ಅದಕ್ಕೇ ಬಂದೆ." ಅವಳು ಚೀಲದಿಂದ ಒಂದು ದೊಡ್ಡ ಫೋಟೊ ತೆಗೆದು ಮೇಜಿನ ಮೇಲೆ ಹರಡಿದಳು. ಕಪ್ಪುಬಿಳುಪಿನ ಹಳೆಯ ಫೋಟೊ. ಗಾರೆ ಮೆತ್ತುವ ಮೊದಲಿನ ಏಳು ಕಮಾನು, ಸಾಲಾಗಿ.

ಆ ಕಟ್ಟಡದ ಕತೆ ಹೇಳದೆ ಮೇಸ್ತ್ರಿಯ ಕತೆ ಹೇಳಲು ಬರುವುದಿಲ್ಲ. ನಾಲ್ಕು ರಸ್ತೆ ಕೂಡುವಲ್ಲಿ ಮೂಲೆ ಹಿಡಿದು ನಿಂತ ಮೂರಂತಸ್ತಿನ ಕಲ್ಲುಕಟ್ಟಡ ಅದು. ಕಟ್ಟಿಸಿದವನು ಒಬ್ಬ ಬಟ್ಟೆ ವ್ಯಾಪಾರಿ. ಕೆಳಗೆ ಕಂಬಗಳ ಉದ್ದನೆಯ ಜಗಲಿ, ಮಳೆ ಬಂದರೆ ಅರ್ಧ ಪೇಟೆ ಅದರಡಿಯಲ್ಲಿ ನಿಲ್ಲುತ್ತಿತ್ತು. ಜಗಲಿಯ ಒಳಗೆ ಆರು ಮಳಿಗೆ, ಕೊನೆಯಲ್ಲಿ ಮೇಲೆ ಹೋಗುವ ಮೆಟ್ಟಿಲು. ನಡುವಿನ ಅಂತಸ್ತಿನಲ್ಲಿ ಏಳು ಕಮಾನು, ಒಂದೊಂದರ ಒಳಗೂ ಆಳೆತ್ತರದ ಕಿಟಕಿ. ಎಲ್ಲಕ್ಕಿಂತ ಮೇಲೆ ಉಗ್ರಾಣ. ಬಟ್ಟೆಯ ಹೊರೆಗಳನ್ನು ಬೀದಿಯಿಂದ ನೇರ ಮೇಲೆತ್ತುತ್ತಿದ್ದ ರಾಟೆಯ ಕಬ್ಬಿಣದ ಕೊಕ್ಕೆ ಇನ್ನೂ ಅಲ್ಲೇ ಇದೆ, ಈಗ ಅದರ ಮೇಲೆ ಪಾರಿವಾಳ ಕೂರುತ್ತವೆ.

ಓದು ಬರದ ಗಿರಾಕಿಗೂ ಯಾವ ಮಳಿಗೆಯಲ್ಲಿ ಏನು ಸಿಗುತ್ತದೆಂದು ದೂರದಿಂದಲೇ ಗೊತ್ತಾಗಲಿ ಎಂದು ವ್ಯಾಪಾರಿ ಪ್ರತಿ ಕಮಾನಿನ ನಡುಗಲ್ಲಿನ ಮೇಲೂ ಒಂದೊಂದು ಗುರುತು ಕೆತ್ತಿಸಿದ್ದ. ಒಂದರ ಮೇಲೆ ಬಿರಿದ ಹತ್ತಿಕಾಯಿ, ಇನ್ನೊಂದರ ಮೇಲೆ ನೂಲಿನ ಲಡಿ, ಆಮೇಲೆ ಕತ್ತರಿ, ಗುಂಡಿಗಳ ಸರ, ದೀಪ, ಬೀಗ. ಏಳನೆಯದರ ಕೆಳಗೆ ಮಳಿಗೆಯೇ ಇರಲಿಲ್ಲ, ಬರೀ ಮೆಟ್ಟಿಲು. ಮಾರಲು ಏನೂ ಇಲ್ಲದ ಕಡೆ ಏನು ಕೆತ್ತಲಿ ಎಂದು ಕಲ್ಲುಕುಟಿಗ ಕೇಳಿದನಂತೆ. ನಿನಗೆ ತೋಚಿದ್ದು ಕೆತ್ತು ಎಂದನಂತೆ ವ್ಯಾಪಾರಿ. ಅವನು ತನ್ನ ಕೈಯನ್ನೇ ಕೆತ್ತಿದ. ಉಳಿ ಹಿಡಿದ ಎಡಗೈ. ಗೆಣ್ಣುಗಳು, ಉಬ್ಬಿದ ನರ, ಹೆಬ್ಬೆರಳಿನ ಒಡೆದ ಉಗುರು ಎಲ್ಲಾ ಹಾಗೆ ಹಾಗೇ. ಸುತ್ತಿಗೆ ಏಟು ತಪ್ಪಿದಾಗ ಒಡೆಯುವ ಉಗುರು ಅದು, ಕಸುಬಿನವರೆಲ್ಲರ ಕೈಯಲ್ಲೂ ಇರುವಂಥದ್ದು.

ಮೇಸ್ತ್ರಿಯ ಅಪ್ಪನೂ ಗಾರೆಯವನೇ. ಮಕ್ಕಳಿಬ್ಬರನ್ನೂ ಚಿಕ್ಕಂದಿನಿಂದ ಕೆಲಸಕ್ಕೆ ಎಳೆದುಕೊಂಡು ಹೋಗುತ್ತಿದ್ದ. ಮಧ್ಯಾಹ್ನ ಬುತ್ತಿ ಬಿಚ್ಚುವುದು ಆ ಕಮಾನಿನ ಎದುರಿನ ಕಟ್ಟೆಯ ಮೇಲೆ. ತಮ್ಮನಿಗೆ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ, ಕತ್ತು ಎತ್ತಿಕೊಂಡು ಮೇಲೆ ನೋಡುತ್ತಿದ್ದ. "ಅಣ್ಣ, ಆ ಉಗುರು ನೋಡೋ, ಅಪ್ಪಂದಿದ್ದ ಹಾಗೇ ಇದೆ." ಅಣ್ಣ ಅವನ ತಲೆಗೆ ಒಂದು ಮೊಟಕಿ, "ಊಟ ಮಾಡೋ, ಹೊತ್ತಾಯ್ತು" ಎನ್ನುತ್ತಿದ್ದ.

ತಮ್ಮನಿಗೆ ಆಮೆ ಎಂದು ಹೆಸರು ಬಿದ್ದದ್ದು ಕೆಲಸಕ್ಕೆ ಸೇರಿದ ಮೇಲೆ. ಕೈ ಬಂಗಾರದಂಥದ್ದು, ಆದರೆ ನಿಧಾನ. ಅಣ್ಣ ಒಂದು ಗೋಡೆ ಮುಗಿಸಿ ಕೈ ತೊಳೆದುಕೊಳ್ಳುವಾಗ ತಮ್ಮ ಇನ್ನೂ ಗಾರೆ ಕಲಸುತ್ತಾ ಯಾವುದೋ ಯೋಚನೆಯಲ್ಲಿರುತ್ತಿದ್ದ. ಅಣ್ಣ ಹಾಗಲ್ಲ. ಅವನಿಗೆ ಅಪ್ಪ ಕಲಿಸಿದ ಒಂದೇ ಒಂದು ವಿಷಯ ಮೂಳೆಗೆ ಇಳಿದಿತ್ತು. ನುಣುಪಾದ ಕಲ್ಲಿನ ಮೇಲೆ ಗಾರೆ ನಿಲ್ಲುವುದಿಲ್ಲ. ಮೊದಲು ಮೊನೆ ಉಳಿ ಹಿಡಿದು ಎರಡೆರಡು ಬೆರಳಿಗೆ ಒಂದರಂತೆ ಕಲ್ಲಿಗೆ ಕಚ್ಚು ಹೊಡೆಯಬೇಕು, ಆ ಗಾಯಗಳ ಒಳಗೆ ಗಾರೆ ಇಳಿದು ಹಿಡಿದುಕೊಳ್ಳಬೇಕು. ಕಚ್ಚು ಹೊಡೆಯದೆ ಬಳಿದರೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಒಳಗೆ ಟೊಳ್ಳು. ಒಂದು ದಿನ ಯಾರದೋ ತಲೆಯ ಮೇಲೆ ಬೀಳುತ್ತದೆ. ಅಂಥ ಕೆಲಸ ಮಾಡಿದವನನ್ನು ಅಪ್ಪ ಮನುಷ್ಯರ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ, ಮೇಸ್ತ್ರಿಯೂ ಸೇರಿಸಲಿಲ್ಲ.

ವ್ಯಾಪಾರಿಯ ಕಾಲ ಮುಗಿಯಿತು, ಬಟ್ಟೆಯ ಕಾಲವೂ ಮುಗಿಯಿತು. ಆ ಮಳಿಗೆಗಳಿಗೆ ಬ್ಯಾಂಕು ಬಂತು, ಹೋಯಿತು. ಮೇಲೆ ಟೈಪಿಂಗ್ ಕಲಿಸುವವರು, ಹಲ್ಲಿನ ಡಾಕ್ಟರು, ಗಡಿಯಾರ ರಿಪೇರಿಯವನು ಬಂದು ಕೂತರು. ಬಸ್ಸುಗಳ ಹೊಗೆಗೆ ಕಲ್ಲು ಕಪ್ಪಾಯಿತು. ಮೂವತ್ತೆಂಟು ವರ್ಷದ ಹಿಂದೆ ಕಟ್ಟಡ ಕೊಂಡ ಹೊಸ ಮಾಲೀಕ ಫ್ಯಾನು, ರೇಡಿಯೊ ಮಾರುವವನು. "ಈ ಕರಿಕಲ್ಲು ನೋಡಿದ್ರೆ ಗಿರಾಕಿ ಒಳಗೆ ಬರಲ್ಲ. ಎಲ್ಲಾ ಮುಚ್ಚಿ, ನುಣ್ಣಗೆ ಕನ್ನಡಿ ಹಾಗೆ ಮಾಡಿಕೊಡಿ," ಎಂದ. ಗುತ್ತಿಗೆದಾರ ಮೇಸ್ತ್ರಿಯನ್ನು ಕರೆದ. ಮೂವತ್ನಾಲ್ಕರ ಹರೆಯ, ಇಡೀ ಪೇಟೆ ಕಾಣುವಂಥ ಗೋಡೆ. ಮೇಸ್ತ್ರಿಗೆ ಆಕಾಶ ಮೂರೇ ಗೇಣು.

ಅವನ ಮನಸ್ಸಿಗೆ ಕೆತ್ತನೆ ಬರಲೇ ಇಲ್ಲವೇ? ಬಂತು, ಸುಳ್ಳು ಹೇಳಬಾರದು. ಬಿದಿರಿನ ಸಾರವೆ ಹತ್ತಿ ಹತ್ತಿಕಾಯಿಯ ಎದುರು ಉಳಿ ಹಿಡಿದು ಕೂತಾಗ ಒಂದು ಗಳಿಗೆ ಕೈ ತಡೆಯಿತು. ಆಮೇಲೆ ಕೆಲಸ ಕೆಲಸ ಅಂದುಕೊಂಡ. ಎದ್ದ ಭಾಗವನ್ನೆಲ್ಲ ತಟ್ಟಿ ಮಟ್ಟ ಮಾಡಿದ, ಎರಡೆರಡು ಬೆರಳಿಗೆ ಒಂದು ಕಚ್ಚು ಹೊಡೆದ. ಮೊದಲ ಮೂರು ಕಮಾನು ತಾನೇ ಮಾಡಿದ, ಇನ್ನು ಮೂರನ್ನು ಆಳುಗಳ ತಲೆಯ ಮೇಲೆ ನಿಂತು ಮಾಡಿಸಿದ. ಒಂದೊಂದಕ್ಕೆ ನಾಲ್ಕು ದಿನ. ಏಳನೆಯದು ಮೂಲೆಯಲ್ಲಿತ್ತು, ಅದನ್ನು ತಮ್ಮ ಕೇಳಿಕೊಂಡು ತೆಗೆದುಕೊಂಡ.

"ಅಣ್ಣ, ಇದನ್ನ ನನಗೆ ಬಿಡು. ನಾನೊಬ್ಬನೇ ಮಾಡ್ತೀನಿ."

ಅದಕ್ಕೆ ಹನ್ನೊಂದು ದಿನ ಹಿಡಿಯಿತು. ಬಿಸಿಲು ಬಡಿಯುತ್ತದೆಂದು ತಮ್ಮ ಸಾರವೆಗೆ ಗೋಣಿತಾಟು ಇಳಿಬಿಟ್ಟುಕೊಂಡಿದ್ದ. ಒಳಗೆ ನಿದ್ದೆ ಹೊಡೆಯುತ್ತಾನೆ ಎಂದು ಆಳುಗಳು ನಗುತ್ತಿದ್ದರು. ಅದೇ ಹೊತ್ತಿಗೆ ಪಕ್ಕದಲ್ಲೇ ಇದ್ದ ತಮ್ಮನ ಮನೆಯಲ್ಲಿ ಇನ್ನೊಂದು ತಮಾಷೆ ನಡೆದಿತ್ತು. ಕೋಳಿಗೂಡಿನ ತಂತಿಜಾಲರಿ ಮಾಯವಾಗಿತ್ತು. ಕೋಳಿಗಳು ಬೀದಿ ಪಾಲಾದವು, ಎರಡನ್ನು ನಾಯಿ ಹಿಡಿಯಿತು, ತಮ್ಮನ ಹೆಂಡತಿ ಗಂಡನಿಗೆ ಬೈದ ಬೈಗುಳ ಮೂರು ಮನೆಗೆ ಕೇಳಿತು. ಮೇಸ್ತ್ರಿ ತನ್ನ ಮನೆಯಲ್ಲಿ ಕೂತು ಬಿದ್ದುಬಿದ್ದು ನಕ್ಕಿದ್ದ.

ಹನ್ನೆರಡನೆಯ ದಿನ ಗೋಣಿತಾಟು ಸರಿಸಿ ಮೇಸ್ತ್ರಿ ಮಟ್ಟಗೋಲು ಇಟ್ಟು ನೋಡಿದ. ಗಾರೆ ಬೆಣ್ಣೆಯ ಹಾಗೆ ಕೂತಿತ್ತು, ಆದರೆ ಬೇರೆ ಆರಕ್ಕಿಂತ ಒಂದು ಬೆರಳು ಉಬ್ಬು. ಅನುಮಾನ ಬಂತು. ಗಾರೆ ಬಳಿಯುವ ಕರಣೆ ತಿರುಗಿಸಿ ಅದರ ಮರದ ಹಿಡಿಯಿಂದ ತಟ್ಟಿದ. ಡಬ್ ಎಂದಿತು. ಇನ್ನೊಂದು ಕಡೆ ತಟ್ಟಿದ, ಅಲ್ಲೂ ಡಬ್. ಇಡೀ ಕಮಾನು ಟೊಳ್ಳು.

ಮೇಸ್ತ್ರಿಯ ಕೋಪ ಮೂಗಿನ ತುದಿಯಲ್ಲೇ ಇರುವಂಥದ್ದು. ಆಳುಗಳು, ಗುತ್ತಿಗೆದಾರ, ಕೆಳಗೆ ಬೀದಿಯಲ್ಲಿ ನಿಂತ ಜನ, ಎಲ್ಲರಿಗೂ ಕೇಳುವಂತೆ ಕೂಗಿದ.

"ಕಚ್ಚು ಹೊಡೆದಿಲ್ಲ ಅಲ್ಲೇನೋ? ಹನ್ನೊಂದು ದಿನ ಮಲಗಿದ್ದು, ಕೊನೆಗೆ ಕಲ್ಲಿನ ಮೇಲೆ ಹಾಗೇ ಮೆತ್ತಿ ಇಳಿದು ಬಂದ್ಯಾ? ಕಳ್ಳಗೆಲಸ! ಅಪ್ಪನ ಹೆಸರಿಗೆ ಮಸಿ ಬಳಿದುಬಿಟ್ಟೆಯಲ್ಲೋ!"

ತಮ್ಮನ ಮುಖ ಕೆಂಪಾಯಿತು. ತುಟಿ ಏನೋ ಹೇಳಲು ತೆರೆದು, ಗುತ್ತಿಗೆದಾರನನ್ನು ನೋಡಿ ಮುಚ್ಚಿಕೊಂಡಿತು. "ಅದು ಬೀಳಲ್ಲ ಅಣ್ಣ," ಎಂದ ಅಷ್ಟೇ. "ನನ್ನ ಮೇಲೆ ನಂಬಿಕೆ ಇಡು. ಬಿದ್ರೆ ಕೇಳು."

"ಕೆಡವಿ ಕಚ್ಚು ಹೊಡಿ. ಈಗಲೇ."

"ಹೊಡಿಯಲ್ಲ."

ಮೇಸ್ತ್ರಿ ತಮ್ಮನ ಕೈಯಿಂದ ಕರಣೆ ಕಿತ್ತುಕೊಂಡ. ಕಸುಬಿನವನ ಕೈಯಿಂದ ಕರಣೆ ಕಿತ್ತುಕೊಳ್ಳುವುದೂ ಒಂದೇ, ಎಲ್ಲರ ಮುಂದೆ ಕೆನ್ನೆಗೆ ಹೊಡೆಯುವುದೂ ಒಂದೇ. "ಇನ್ನು ಇದನ್ನ ಮುಟ್ಟಬೇಡ. ನೋಡ್ತಿರು, ಇದು ಬಿದ್ದ ದಿನ ನಿನ್ನ ಮನೆಗೆ ಬರ್ತೀನಿ, ಬಂದು ಕೇಳ್ತೀನಿ. ಅಲ್ಲಿವರೆಗೂ ನಿನ್ನ ಮುಖ ನೋಡಲ್ಲ."

ತಮ್ಮ ಬಿದಿರು ಹಿಡಿದುಕೊಂಡು ನಿಧಾನವಾಗಿ ಇಳಿದು ಹೋದ. ವಾರದಲ್ಲಿ ಮನೆ ಖಾಲಿ ಮಾಡಿ ಊರಿನ ಇನ್ನೊಂದು ಕೊನೆಗೆ ಹೊರಟುಹೋದ.

ಮೇಸ್ತ್ರಿ ಆ ಕಮಾನನ್ನು ಕೆಡವಿ ಮತ್ತೆ ಮಾಡಬೇಕಿತ್ತು. ಗುತ್ತಿಗೆದಾರ ಕೈ ಮುಗಿದ. ನಾಳೆ ಸಾರವೆ ಬಿಚ್ಚಬೇಕು, ಬಣ್ಣದವನು ಕಾಯುತ್ತಿದ್ದಾನೆ, ಮಾಲೀಕನಿಗೆ ಹೇಳಬೇಡ ಎಂದ. ಮೇಸ್ತ್ರಿ ಬಾಯಿ ಮುಚ್ಚಿಕೊಂಡ. ತಮ್ಮನನ್ನು ಬೀದಿಯಲ್ಲಿ ನಿಲ್ಲಿಸಿ ಕಳ್ಳ ಎಂದವನು ಮಾರನೆಯ ದಿನ ಅದೇ ಕಳ್ಳಗೆಲಸದ ಮೇಲೆ ತಿಳಿಹಸಿರು ಬಣ್ಣ ಹೊಡೆಯಲು ಬಿಟ್ಟ. ತಾನು ಮಾಡಿದ ಒಂದೇ ಒಂದು ಮೋಸ ಅದೆಂದು ಅವನಿಗೆ ಗೊತ್ತಿತ್ತು. ಅದರ ಸಿಟ್ಟನ್ನೂ ತಮ್ಮನ ಮೇಲೇ ಹಾಕಿದ.

ಅಂದಿನಿಂದ ಮಳೆಗಾಲ ಶುರುವಾದರೆ ಮೇಸ್ತ್ರಿಗೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಗೋಡೆ ಒದ್ದೆಯಾದಾಗಲೇ ಟೊಳ್ಳು ಗಾರೆ ಕಳಚುವುದು. ಕೊಡೆ ಹಿಡಿದು ಪೇಟೆಗೆ ಹೋಗಿ ಎದುರು ಬದಿಯಲ್ಲಿ ನಿಂತು ಏಳನೆಯ ಕಮಾನನ್ನು ನೋಡುತ್ತಿದ್ದ. ಬಿರುಕು ಬಿಟ್ಟಿದೆಯಾ, ಉಬ್ಬಿದೆಯಾ, ಕೆಳಗೆ ಯಾರಾದರೂ ನಿಂತಿದ್ದಾರಾ. ಮೂವತ್ತೆಂಟು ಮಳೆಗಾಲ. ಆರು ಕಡೆ ಅಲ್ಲಲ್ಲಿ ಕೂದಲೆಳೆಯ ಬಿರುಕು ಬಂದವು, ಏಳನೆಯದರಲ್ಲಿ ಒಂದು ಗೆರೆಯೂ ಮೂಡಲಿಲ್ಲ. ಅದು ಬೀಳಲಿಲ್ಲ, ಇವನು ಹೋಗಲಿಲ್ಲ. ಆಡಿದ ಮಾತಿಗೆ ಅಷ್ಟು ಜೋತುಬೀಳುವವರನ್ನು ನೋಡಿದರೆ ಕಪಾಳಕ್ಕೆ ಎರಡು ಬಾರಿಸಬೇಕು ಎನ್ನಿಸುತ್ತದೆ, ಆದರೆ ಅವರಿಗೆ ಹೇಳುವವರು ಯಾರು? ಹೆಂಡತಿ ಹೇಳಿ ಹೇಳಿ ಸೋತಳು. ಆರು ವರ್ಷದ ಹಿಂದೆ ತಮ್ಮ ತೀರಿಕೊಂಡ ಸುದ್ದಿ ಬಂದಾಗ ಮೇಸ್ತ್ರಿ ಅಂಗಿ ಹಾಕಿಕೊಂಡು ಓಡಿದ. ಗಲ್ಲಿಯ ತುದಿ ತಲುಪುವಷ್ಟರಲ್ಲಿ ಎಲ್ಲಾ ಮುಗಿದು, ಬಾಗಿಲ ಮುಂದೆ ಬರೀ ಚಪ್ಪಲಿಗಳಿದ್ದವು. ಒಳಗೆ ಹೋಗಲು ಮುಖವಿಲ್ಲದೆ ಅಲ್ಲಿಂದಲೇ ಹಿಂತಿರುಗಿದ.

ಇಂಜಿನಿಯರಮ್ಮನಿಗೆ ಇದ್ಯಾವುದೂ ಗೊತ್ತಿಲ್ಲ. ಅವಳು ಫೋಟೊದ ಮೇಲೆ ಬೆರಳಿಟ್ಟು ಉತ್ಸಾಹದಿಂದ ಹೇಳುತ್ತಿದ್ದಳು. ಈಗಿನ ಮಾಲೀಕರು ಕಟ್ಟಡ ಕೆಡವಬೇಕು ಎಂದಿದ್ದಾರೆ. ಹಳೆಯ ಕಟ್ಟಡ ನೋಡಿಕೊಳ್ಳುವ ಸಮಿತಿಯವರು ಒಂದು ಅವಕಾಶ ಕೊಟ್ಟಿದ್ದಾರೆ. ಗಾರೆ ಬಿಚ್ಚಿ ನೋಡುವುದು, ಅರ್ಧಕ್ಕರ್ಧ ಕೆತ್ತನೆ ಉಳಿದಿದ್ದರೂ ಕಟ್ಟಡ ಉಳಿಯುತ್ತದೆ, ಇಲ್ಲದಿದ್ದರೆ ನೆಲಸಮ.

"ನನಗೆ ಭಾರಿ ಆಸೆ ಇದೆ ಮೇಸ್ತ್ರಿಗಳೇ. ಎಷ್ಟೋ ಕಡೆ ಗಾರೆಯವರು ಕಲ್ಲು ಮುಟ್ಟೋಕೆ ಬೇಜಾರಾಗಿ ಮೇಲೆ ಸುಮ್ಮನೆ ಬಳಿದುಬಿಟ್ಟಿರ್ತಾರೆ. ಬಿಚ್ಚಿದ್ರೆ ಒಳಗೆ ಕೆತ್ತನೆ ಹೊಚ್ಚಹೊಸದಾಗಿ ಇರುತ್ತೆ. ನಮ್ಮ ಪಾಲಿಗೆ ಸೋಮಾರಿಗಳೇ ದೇವರು!" ಎಂದು ನಕ್ಕಳು.

ಮೇಸ್ತ್ರಿ ನಗಲಿಲ್ಲ. "ನಾನು ಸೋಮಾರಿ ಅಲ್ಲಮ್ಮ," ಎಂದ.

ಅವಳಿಗೆ ಅರ್ಥವಾಗಲಿಲ್ಲ, ಹೊಗಳಿಕೊಳ್ಳುತ್ತಿದ್ದಾನೆ ಅಂದುಕೊಂಡಳು. ಬಿಚ್ಚುವ ದಿನ ಬನ್ನಿ ಎಂದು ಕರೆದು ಹೋದಳು.

ಸಾರವೆ ಈಗ ಕಬ್ಬಿಣದ್ದು. ಕೆಳಗೆ ರಸ್ತೆ ಬದಿಯಲ್ಲಿ ಮೇಸ್ತ್ರಿಗೆ ಒಂದು ಕುರ್ಚಿ ಹಾಕಿಸಿದ್ದಳು. ಹತ್ತಿಕಾಯಿಯ ಕಮಾನಿನಿಂದ ಶುರುವಾಯಿತು. ಗಾರೆ ಸುಲಭಕ್ಕೆ ಬಿಡಲಿಲ್ಲ, ಚೂರು ಚೂರಾಗಿ ಕಲ್ಲನ್ನು ಕಚ್ಚಿ ಹಿಡಿದು ಬಂತು. ಆಳು ನೀರು ಹಾಕಿ ಬ್ರಶ್ಶಿನಿಂದ ಉಜ್ಜಿದ. ಹತ್ತಿಕಾಯಿ ಇರಲಿಲ್ಲ. ಎರಡೆರಡು ಬೆರಳಿಗೆ ಒಂದು ಗಾಯ, ಸಾಲು ತಪ್ಪದ ಗಾಯಗಳು. ಎಷ್ಟು ಅಚ್ಚುಕಟ್ಟು ಕೆಲಸವೆಂದರೆ ದೂರದಿಂದ ಅದೇ ಒಂದು ನಮೂನೆಯ ಕೆತ್ತನೆ ಎನ್ನಿಸುತ್ತಿತ್ತು.

ಎರಡನೆಯದೂ ಹಾಗೇ. ಕತ್ತರಿಯ ಕಮಾನಿನಲ್ಲಿ ಕತ್ತರಿಯ ಒಂದು ಕಾಲಿನ ಅಂಚು ಉಳಿದಿತ್ತು, ಅಷ್ಟೇ. ನಾಲ್ಕು, ಐದು, ಆರು. ಇಂಜಿನಿಯರಮ್ಮ ಮೊದಮೊದಲು ಮೇಲಿನಿಂದ ಕೂಗಿ ಹೇಳುತ್ತಿದ್ದಳು, ಆಮೇಲೆ ಕೂಗುವುದು ನಿಂತಿತು. ಮಧ್ಯಾಹ್ನ ಕೆಳಗಿಳಿದು ಬಂದು ಮೇಸ್ತ್ರಿಯ ಪಕ್ಕ ಕಲ್ಲಿನ ಮೇಲೆ ಕುಳಿತಳು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಕೊನೇದನ್ನೂ ಬಿಚ್ಚಲೇಬೇಕಾ ಮೇಸ್ತ್ರಿಗಳೇ? ನೋಡೋ ಧೈರ್ಯ ಇಲ್ಲ ನಂಗೆ."

"ಅದು ಟೊಳ್ಳಮ್ಮ," ಎಂದ ಮೇಸ್ತ್ರಿ. "ಅದನ್ನ ನನ್ನ ತಮ್ಮ ಮಾಡಿದ್ದು. ಅವನು ಕಚ್ಚು ಹೊಡೆದಿಲ್ಲ. ನಾನೂ ಬರ್ತೀನಿ ಮೇಲೆ."

ಬೇಡ ಬೇಡ ಎಂದರೂ ಕೇಳಲಿಲ್ಲ. ಇಬ್ಬರು ಆಳುಗಳು ಹಿಂದೆ ಮುಂದೆ ಹಿಡಿದು ಹತ್ತಿಸಿದರು. ಮೊಣಕಾಲು ಪ್ರತಿ ಮೆಟ್ಟಿಲಿಗೂ ಪ್ರಾಣ ಹಿಂಡಿತು. ಮೇಲೆ ನಿಂತು, ಮೂವತ್ತೆಂಟು ವರ್ಷ ಕೆಳಗಿನಿಂದ ನೋಡಿದ್ದ ಗಾರೆಯ ಮೇಲೆ ಅಂಗೈ ಇಟ್ಟ. ಬೆರಳ ಗೆಣ್ಣಿನಿಂದ ತಟ್ಟಿದ. ಅದೇ ಡಬ್.

ಅಂಚಿನಲ್ಲಿ ಉಳಿ ಇಟ್ಟು ಎಬ್ಬಿಸುತ್ತಲೂ ಗಾರೆ ಚೂರಾಗಲಿಲ್ಲ. ಒಂದು ಮಗ್ಗುಲಿನಿಂದ ಚಾಪೆಯ ಹಾಗೆ ಎದ್ದು ಬಂತು. ಆಳು, "ಅರೆ, ಒಳಗೆ ಜಾಲರಿ ಇದೆ!" ಎಂದ.

ಗಾರೆಯ ಬೆನ್ನಿಗೆ ತಂತಿಜಾಲರಿ ಇತ್ತು. ಅದನ್ನು ಕಲ್ಲಿಗೆ ಹೊಡೆದಿರಲಿಲ್ಲ. ಕಲ್ಲು ಕಲ್ಲುಗಳ ನಡುವಿನ ಸಂದಿಗಳಲ್ಲಿ ಮಾತ್ರ, ಕೆತ್ತನೆಗೆ ಎಲ್ಲೂ ತಾಗದಂತೆ ಮೊಳೆ ಇಳಿಸಿ, ಒಂದೊಂದು ಮೊಳೆಗೂ ಕಟ್ಟುತಂತಿ ಸುತ್ತಿ ಬಿಗಿದಿದ್ದ. ನೂರಾರು ಗಂಟುಗಳು. ಜಾಲರಿಯ ಹಿಂದೆ ಗೋಣಿತಾಟಿನ ಪದರ, ಅದರ ಹಿಂದೆ ನಯವಾಗಿ ಅರೆದ ಜೇಡಿಮಣ್ಣು. ಜಾಲರಿಯ ಒಂದು ಮೂಲೆಯಲ್ಲಿ ಹರಿದ ಕಡೆ ತಾಮ್ರದ ತಂತಿಯಿಂದ ಹೆಣೆದ ತೇಪೆ ಇತ್ತು. ಮೇಸ್ತ್ರಿ ಅದನ್ನು ನೋಡಿ ಸಾರವೆಯ ಕಂಬ ಹಿಡಿದುಕೊಂಡ. ತಮ್ಮನ ಕೋಳಿಗೂಡಿಗೆ ಆ ತೇಪೆ ಹಾಕಿಕೊಟ್ಟವನು ಮೇಸ್ತ್ರಿಯೇ. ತೇಪೆಯ ಒಳಗೆ ಒಂದು ಕಂದು ಪುಕ್ಕ ಸಿಕ್ಕಿಕೊಂಡಿತ್ತು.

ಇಂಜಿನಿಯರಮ್ಮ ಒದ್ದೆ ಬಟ್ಟೆಯಿಂದ ಜೇಡಿಮಣ್ಣು ಒರೆಸಿದಳು. ಹೆಬ್ಬೆರಳು ಬಂತು, ಒಡೆದ ಉಗುರು ಬಂತು, ಆಮೇಲೆ ನಾಲ್ಕು ಬೆರಳು, ಉಳಿ, ಮಣಿಕಟ್ಟಿನ ನರ. ಒಂದು ಗೀರೂ ಇಲ್ಲ. ನಿನ್ನೆ ಕೆತ್ತಿ ಇಳಿದು ಹೋದ ಹಾಗಿತ್ತು. ಅವಳು ಅಳುತ್ತಾ ನಗುತ್ತಾ, "ಯಾರು ಮೇಸ್ತ್ರಿಗಳೇ ನಿಮ್ಮ ತಮ್ಮ? ಎಲ್ಲಿದ್ದಾರೆ? ಗಾರೆ ಹೀಗೆ ಮಾಡಬೇಕು ಅಂತ ನಾವು ಕಾಲೇಜಲ್ಲಿ ಓದಿದ್ದು, ಅವರಿಗೆ ಯಾರು ಹೇಳಿಕೊಟ್ರು?" ಎಂದಳು.

"ಯಾರೂ ಹೇಳಿಕೊಡಲಿಲ್ಲ," ಎಂದ ಮೇಸ್ತ್ರಿ.

ಹನ್ನೊಂದು ದಿನ. ಮಲಗುವವನಿಗೆ ಅಷ್ಟು ದಿನ ಯಾಕೆ ಬೇಕು ಎಂದು ಮೂವತ್ತೆಂಟು ವರ್ಷದಲ್ಲಿ ಒಂದು ದಿನವೂ ಯೋಚಿಸಲಿಲ್ಲವಲ್ಲ! ಮೈಗಳ್ಳನಾದವನು ಮೆತ್ತಿ ಅರ್ಧ ದಿನದಲ್ಲಿ ಇಳಿಯುತ್ತಿದ್ದ. ಅಂದು ತಮ್ಮ ಬಾಯಿ ತೆರೆದು ಮುಚ್ಚಿದ್ದು ಯಾಕೆಂದೂ ಈಗ ಗೊತ್ತಾಯಿತು. ಗುತ್ತಿಗೆದಾರನ ಮುಂದೆ ನಿಜ ಹೇಳಿದ್ದರೆ ಆ ಗಳಿಗೆಯಲ್ಲೇ ಆ ಕಲ್ಲಿನ ಕೈಗೆ ಉಳಿಯ ಏಟು ಬೀಳುತ್ತಿತ್ತು. ಹೊಡೆಯುತ್ತಿದ್ದವನು ಮೇಸ್ತ್ರಿಯೇ. ಕಿವಿಯ ಮೇಲೆ ಇಷ್ಟು ಜಂಬ ಇಟ್ಟುಕೊಂಡವನಿಗೆ ಟೊಳ್ಳು ಕೇಳಿಸಿತೇ ಹೊರತು ಬೇರೇನೂ ಕೇಳಿಸಲಿಲ್ಲ.

ಒಂದೇ ಒಂದು ಕಮಾನು ಸಾಲಲಿಲ್ಲ. ಸಮಿತಿಯವರು ಬಂದು ನೋಡಿ, ಫೋಟೊ ತೆಗೆದು, ಏಳರಲ್ಲಿ ಆರು ಹೋದ ಮೇಲೆ ಉಳಿಸಲು ಏನಿದೆ ಎಂದು ಬರೆದುಕೊಟ್ಟರು. ಕಟ್ಟಡ ಕೆಡವಲು ದಿನ ಗೊತ್ತಾಯಿತು. ಕೈ ಇದ್ದ ನಡುಗಲ್ಲನ್ನು ಮಾತ್ರ ಬಿಚ್ಚಿ ಇಳಿಸಿ ತೆಗೆದಿಡಲು ಇಂಜಿನಿಯರಮ್ಮ ಒಪ್ಪಿಗೆ ಪಡೆದಳು. ಅವಳು ಅದನ್ನು ಹೇಳಲು ಬಂದಾಗ ಮೇಸ್ತ್ರಿ, "ಎಲ್ಲರೂ ನನ್ನ ತಮ್ಮನ ಹಾಗೆ ಮಾಡಿದ್ದಿದ್ರೆ ಇದು ನಿಲ್ತಿತ್ತು ಅಲ್ವಾ?" ಎಂದು ಕೇಳಿದ. ಅವಳು ಕೆಳಗೆ ನೋಡಿದಳು. ಜಾಲರಿಯ ತೇಪೆಯ ಚೂರನ್ನು ಕತ್ತರಿಸಿ ಕೊಡಲು ಕೇಳಿಕೊಂಡ, ಕೊಟ್ಟಳು.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಅಟ್ಟದ ಮೇಲಿನ ಪೆಟ್ಟಿಗೆಯಿಂದ ಒಂದು ಕರಣೆ ಇಳಿಸಿದ. ಅದು ತಮ್ಮನದು. ಮೂವತ್ತೆಂಟು ವರ್ಷ ತುಕ್ಕು ಹಿಡಿಯದ ಹಾಗೆ ಎಣ್ಣೆ ಹಚ್ಚಿ ಇಟ್ಟಿದ್ದ, ಯಾಕೆಂದು ಅವನನ್ನು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಹೆಂಡತಿ, "ನಾನೂ ಬರ್ಲಾ?" ಎಂದಳು. "ಬೇಡ, ನಾನೊಬ್ಬನೇ ಹೋಗ್ಬೇಕು," ಎಂದು ಹೊರಟ.

ತಮ್ಮನ ಹೆಂಡತಿ ಬಾಗಿಲು ತೆರೆದು ಅವನನ್ನು ನೋಡಿ ಒಂದು ಗಳಿಗೆ ಗುರುತು ಹಿಡಿಯಲಿಲ್ಲ. ಆಮೇಲೆ ಸೆರಗು ಸರಿಮಾಡಿಕೊಂಡು, "ಬನ್ನಿ ಭಾವ," ಎಂದಳು. ನಿನ್ನೆ ಮೊನ್ನೆ ಬಂದು ಹೋದವನನ್ನು ಕರೆದ ಹಾಗೆ ಕರೆದಳು. ಒಂದೇ ಕೋಣೆ, ಪಕ್ಕದಲ್ಲಿ ಒಲೆ. ಗೋಡೆ ತಟ್ಟಲು ಅವನ ಕೈ ಏಳಲಿಲ್ಲ.

ಕುಳಿತು, ಕರಣೆ ಮತ್ತು ಜಾಲರಿಯ ಚೂರನ್ನು ನೆಲದ ಮೇಲಿಟ್ಟ. "ಬಿತ್ತಮ್ಮ," ಎಂದ. ತಡವರಿಸಿದ. "ಅದಾಗಿ ಬೀಳಲಿಲ್ಲ. ನಾವೇ ಬಿಚ್ಚಿಸಿದ್ವಿ. ಅವನು ಹೇಳಿದ್ದೇ ನಿಜ, ಅದು ಬೀಳುವಂಥದ್ದಲ್ಲ. ಆ ಕೈಗೆ ಒಂದು ಗೀರೂ ಆಗಿಲ್ಲ. ಬಿದ್ದ ದಿನ ಬರ್ತೀನಿ ಅಂದಿದ್ದೆ. ಬಂದಿದ್ದೀನಿ."

ಅವಳು ಜಾಲರಿಯ ಚೂರನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು. "ನನ್ನ ಕೋಳಿಗೂಡು," ಎಂದಳು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಮನೆ ಖಾಲಿ ಮಾಡಿದ ರಾತ್ರಿ ಎಲ್ಲಾ ಹೇಳಿದ್ರು."

"ಮತ್ತೆ ನಂಗೆ ಯಾಕಮ್ಮ ಹೇಳಲಿಲ್ಲ?"

"ನೀವು ಬಂದಿದ್ರೆ ಹೇಳ್ತಿದ್ದೆ ಭಾವ."

ಅವಳು ನೀರು ತಂದಿಟ್ಟಳು. ಯಜಮಾನರು ಆಮೇಲೆ ಕರಣೆ ಹಿಡಿಯಲೇ ಇಲ್ಲ, ಮರದ ಅಡ್ಡೆಯಲ್ಲಿ ಹಲಗೆ ಎತ್ತಿ ಇಳಿಸುವ ಕೆಲಸ ಮಾಡಿದರು ಎಂದಳು. ಅಣ್ಣ ಮುಟ್ಟಬೇಡ ಅಂದಿದ್ದಾನೆ ಎನ್ನುತ್ತಿದ್ದರಂತೆ.

"ಮಳೆಗಾಲ ಬಂದ್ರೆ ಪೇಟೆಗೆ ಹೋಗಿ ನೋಡ್ಕೊಂಡು ಬರ್ತಿದ್ರು."

ಮೇಸ್ತ್ರಿ ತಲೆ ಎತ್ತಿದ. "ಯಾವುದನ್ನ?"

"ಅದನ್ನೇ. ಒಂದೆರಡು ಸಲ ನಿಮ್ಮನ್ನೂ ನೋಡಿದ್ರಂತೆ. ಕೊಡೆ ಹಿಡ್ಕೊಂಡು ಎದುರು ಬದಿ ನಿಂತಿದ್ರಂತೆ ನೀವು. ಮಾತಾಡಿಸಬೇಕಿತ್ತು ಅಂದೆ. ಗಾರೆ ಇನ್ನೂ ಬಿದ್ದಿಲ್ಲವಲ್ಲೇ, ಅಣ್ಣ ಮುಖ ತಿರುಗಿಸಿಬಿಟ್ರೆ ಅಂತ ಜಗಲಿ ಕಂಬದ ಹಿಂದೆ ನಿಂತು ನೋಡಿ ಬಂದ್ರಂತೆ."

ಅವಳು ಜಾಲರಿಯಲ್ಲಿ ಸಿಕ್ಕಿದ್ದ ಪುಕ್ಕವನ್ನು ಮೆಲ್ಲನೆ ಬಿಡಿಸತೊಡಗಿದಳು.

"ಮೊದಮೊದಲು ಬೀಳದೇ ಇರಲಿ ಅಂತಿದ್ರು. ಕೊನೆಕೊನೆಗೆ, ಕಾಯಿಲೆ ಬಿದ್ದ ಮೇಲೆ, ಬೀಳಲಿ ಅಂತಿದ್ರು ಭಾವ. ಜೋರಾಗಿ ಮಳೆ ಬಂದಾಗೆಲ್ಲ ಎದ್ದು ಕೂರೋರು. ಒಂದು ಚೂರಾದ್ರೂ ಬೀಳಬಾರದಾ, ಬಿದ್ರೆ ಅಣ್ಣ ಬರ್ತಾನೆ ಕೇಳೋಕೆ ಅಂತ. ನನ್ನ ಕೇಳ್ತಿದ್ರು, ನಾನು ಅದನ್ನ ಅಷ್ಟು ಗಟ್ಟಿಯಾಗಿ ಮಾಡಬಾರದಿತ್ತು ಅಲ್ವೇನೇ ಅಂತ."

ಮೇಸ್ತ್ರಿ ಕರಣೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ತಮ್ಮನ ಹೆಂಡತಿ ಸಮಾಧಾನ ಹೇಳಲು ಹೋಗಲಿಲ್ಲ. ಬಾಗಿಲು ಮುಂದೆ ಮಾಡಿ ಬಂದು, ಒಲೆಯ ಮೇಲಿನ ಪಾತ್ರೆಗೆ ಇನ್ನೊಂದು ಹಿಡಿ ಅಕ್ಕಿ ಹಾಕಿದಳು.